ಜರ್ಮನಿಯ ವಾಸ್ತವ್ಯ ಪರವಾನಗಿ ತಡವಾದಾಗ ಊರಿಗೆ ಹೋಗಿ ಬರುವುದು

ಅವಧಿ ಮುಗಿಯುವ ಮೂರು ವಾರ ಮೊದಲೇ ಪರವಾನಗಿಯ ನವೀಕರಣಕ್ಕೆ ಅರ್ಜಿ ಹಾಕಿದ್ದರೂ ವಿದೇಶಿಯರ ಕಚೇರಿಯಿಂದ ಐದು ತಿಂಗಳಾದರೂ ಉತ್ತರವಿಲ್ಲ, ತಂಗಿಯ ಮದುವೆಗೆ ಬೆಂಗಳೂರಿಗೆ ಹೋಗಿ ಮರಳಬಹುದೇ ಎಂದು ಕೇಳಿದ್ದೀರಿ. ನೀವು ಅಕ್ರಮವಾಗಿ ಉಳಿದವರಲ್ಲ. ಅವಧಿಯೊಳಗೆ ಅರ್ಜಿ ಸಲ್ಲಿಸಿದವರ ಹಳೆಯ ಪರವಾನಗಿಯು ವಾಸ್ತವ್ಯ ಕಾಯ್ದೆಯ 81ನೇ ಕಲಮಿನ 4ನೇ ಉಪಕಲಮಿನಂತೆ, ಕಚೇರಿಯ ನಿರ್ಧಾರ ಹೊರಬೀಳುವವರೆಗೆ, ಉದ್ಯೋಗದ ಹಕ್ಕಿನ ಸಮೇತ ಮುಂದುವರಿಯುತ್ತದೆ. ಆದರೆ ವಿಮಾನ ನಿಲ್ದಾಣದ ಕೌಂಟರಿನಲ್ಲಿ ಕಾಯ್ದೆ ಓದಿ ಹೇಳಿದರೆ ಕೇಳುವವರಿಲ್ಲ, ನಿರ್ಧಾರ ಬರುವವರೆಗಿನ ನಿಮ್ಮ ಸ್ಥಿತಿಯನ್ನು ದೃಢೀಕರಿಸಿ ಕಚೇರಿ ಕೊಡುವ ಕಾಗದ ಕೈಯಲ್ಲಿರಬೇಕು. ಅದರ ಹೆಸರು ‘ಫಿಕ್ಟ್ಸಿಯೋನ್ಸ್‌ಬೆಶೈನಿಗುಂಗ್’ (ನಾಲಗೆ ಹೊರಳಲು ನನಗೆ ಒಂದು ವಾರ ಹಿಡಿಯಿತು). ಅದನ್ನು ಪ್ರಯಾಣದ ದಿನಾಂಕ ಸಹಿತ ಲಿಖಿತವಾಗಿ ಕೇಳಿ, ಕೈಗೆ ಬಂದೊಡನೆ ಯಾವ ಚೌಕಕ್ಕೆ ಗುರುತು ಬಿದ್ದಿದೆ ಎಂಬುದನ್ನು ಅಲ್ಲಿಯೇ ನೋಡಿಕೊಳ್ಳಿ: 4ನೇ ಉಪಕಲಂ ಆಗಿದ್ದರೆ ಹೋಗಿ ಮರಳಬಹುದು, 3ನೆಯದಾಗಿದ್ದರೆ ಅದರ ಬಲದಿಂದ ಮರುಪ್ರವೇಶವಿಲ್ಲ. ಅವಧಿ ಮುಗಿದ ಹಳೆಯ ಕಾರ್ಡನ್ನೂ ಜೊತೆಗಿಟ್ಟುಕೊಳ್ಳಿ.

ಆಮೇಲೂ ಮೌನವೇ ಆದರೆ, ಅರ್ಜಿ ಸಲ್ಲಿಸಿ ಮೂರು ತಿಂಗಳು ಕಳೆದಿರುವುದರಿಂದ ಆಡಳಿತ ನ್ಯಾಯಾಲಯದಲ್ಲಿ ನಿಷ್ಕ್ರಿಯತೆಯ ದಾವೆ (ಕಚೇರಿ ನಿರ್ಧಾರ ಕೊಡದೆ ಸುಮ್ಮನಿರುವುದರ ವಿರುದ್ಧದ ಮೊಕದ್ದಮೆ) ಹೂಡಲು ಅವಕಾಶವಿದೆ. ನಾನು ಅಲ್ಲಿಯವರೆಗೆ ಹೋಗಬೇಕಾಗಲಿಲ್ಲ; ಎರಡು ವಾರ ಗಡುವು ಕೊಟ್ಟು, ದಾವೆಯ ಮಾತೆತ್ತಿ ನೋಂದಾಯಿತ ಅಂಚೆಯಲ್ಲಿ ಬರೆದ ಪತ್ರಕ್ಕೆ, ಹನ್ನೊಂದು ಇಮೇಲ್‌ಗಳಿಗೆ ಬಾರದ ಉತ್ತರ ಒಂಬತ್ತೇ ದಿನಗಳಲ್ಲಿ ಬಂತು.