ಸರ್ಟಿಫಿಕೇಟ್ ಕೋರ್ಸಿಗೆ ಗದ್ದೆ ಅಡ ಇಡಬೇಕಾ?

ಪ್ರಶ್ನೆ: ರಾಜ್ಯಶಾಸ್ತ್ರ ತೆಗೆದುಕೊಂಡು ಮೂರು ವರ್ಷದ ಬಿ.ಎ. ಮುಗಿಸಿದ್ದೇನೆ. ಅಮೆರಿಕದಲ್ಲಿ ಅಂತರರಾಷ್ಟ್ರೀಯ ಅಧ್ಯಯನದ ‘ಗ್ರ್ಯಾಜುಯೇಟ್ ಸರ್ಟಿಫಿಕೇಟ್’ ಒಂದೇ ವರ್ಷದಲ್ಲಿ ಮುಗಿಯುತ್ತದೆ, ಎಂ.ಎ.ಗೆ ಸಮ ಎಂದು ಏಜೆಂಟರೊಬ್ಬರು ಹೇಳುತ್ತಾರೆ. ಎರಡು ಎಕರೆ ಗದ್ದೆ ಅಡ ಇಡಲು ಅಪ್ಪ ರೆಡಿ. ವಿದೇಶಾಂಗ ಸೇವೆಗೆ ಸೇರುವ ಆಸೆ ನನ್ನದು. ಹೋಗಲೇ?
– ಓದುಗರು, ಸಿಂಧನೂರು

ಉತ್ತರ: ಪಹಣಿ ಸದ್ಯ ಟ್ರಂಕಿನಲ್ಲೇ ಇರಲಿ ಎಂದು ಅಪ್ಪನಿಗೆ ಹೇಳಿ.

ಇದು ಎಂ.ಎ.ಗೆ ಸಮ ಅಲ್ಲ. ‘ಗ್ರ್ಯಾಜುಯೇಟ್’ ಎನ್ನುವ ಮಾತೇ ದಾರಿ ತಪ್ಪಿಸುತ್ತದೆ. ನಮ್ಮಲ್ಲಿ ಡಿಗ್ರಿ ಮುಗಿಸಿದವರು ಗ್ರ್ಯಾಜುಯೇಟ್. ಅಮೆರಿಕದಲ್ಲಿ ಡಿಗ್ರಿ ಆದ ಮೇಲಿನ ಓದಿಗೆಲ್ಲ ಅದೇ ಹೆಸರು. ಅಲ್ಲಿ ಓದನ್ನು ಅಳೆಯುವುದು ಕ್ರೆಡಿಟ್ ಲೆಕ್ಕದಲ್ಲಿ, ಒಂದು ಪೇಪರಿಗೆ ಸಾಮಾನ್ಯವಾಗಿ ಮೂರು. ಮಾಸ್ಟರ್ಸ್‌ಗೆ ಸಾಮಾನ್ಯವಾಗಿ 30 ಅಥವಾ ಅದಕ್ಕಿಂತ ಜಾಸ್ತಿ ಕ್ರೆಡಿಟ್ ಬೇಕು. ಈ ಸರ್ಟಿಫಿಕೇಟಿಗೆ 12ರಿಂದ 18 ಸಾಕು. ಅಂದರೆ ನಾಲ್ಕರಿಂದ ಆರು ಪೇಪರ್, ಅಷ್ಟೇ. ಕಾನೂನು, ಪತ್ರಿಕೋದ್ಯಮ ಅಂತ ಬೇರೇನೋ ಓದುವವರು ಇದನ್ನು ಜೊತೆಗೆ ಮಾಡಿಕೊಳ್ಳುತ್ತಾರೆ. ಅವರಿಗೆ ಅದು ರೊಟ್ಟಿ ಜೊತೆಗಿನ ಶೇಂಗಾ ಚಟ್ನಿ. ನೀವು ಬರೀ ಚಟ್ನಿ ತಿನ್ನೋಕೆ ಅಷ್ಟು ದೂರ ಹೊರಟಿದ್ದೀರಿ.

ಸಾಲದ ವಿಷಯ. ಶಿಕ್ಷಣ ಸಾಲಕ್ಕೆ ಕೃಷಿ ಜಮೀನನ್ನು ಬ್ಯಾಂಕಿನವರು ಸಾಮಾನ್ಯವಾಗಿ ಅಡಮಾನಕ್ಕೆ ಒಪ್ಪುವುದಿಲ್ಲ. ಆಗ ಉಳಿಯುವುದು ಕೈಸಾಲ. ಅದರ ಬಡ್ಡಿ ಎಂಥದ್ದು ಅಂತ ನಾನು ಸಿಂಧನೂರಿನವರಿಗೆ ಹೇಳಬೇಕೇ?

ಇನ್ನು ವಿದೇಶಾಂಗ ಸೇವೆ. ಅದಕ್ಕೆ ದಾರಿ ಯುಪಿಎಸ್‌ಸಿ ನಡೆಸುವ ನಾಗರಿಕ ಸೇವಾ ಪರೀಕ್ಷೆ. ಯಾವುದೇ ಡಿಗ್ರಿ ಇದ್ದರೂ ಬರೆಯಬಹುದು, ನಿಮ್ಮ ಬಿ.ಎ. ಸಾಕು. ವಿದೇಶದ ಸರ್ಟಿಫಿಕೇಟಿಗೆ ಅಲ್ಲಿ ಒಂದು ಅಂಕವೂ ಸಿಗುವುದಿಲ್ಲ. ಅಂತರರಾಷ್ಟ್ರೀಯ ಸಂಬಂಧಗಳು ಸಾಮಾನ್ಯ ಅಧ್ಯಯನದ ಎರಡನೇ ಪತ್ರಿಕೆಯಲ್ಲೇ ಇವೆ. ರಾಜ್ಯಶಾಸ್ತ್ರವನ್ನು ಐಚ್ಛಿಕವಾಗಿ ತೆಗೆದುಕೊಂಡರೆ ಅದರ ಎರಡನೇ ಪತ್ರಿಕೆ ತುಂಬಾ ಇದೇ ವಿಷಯ.

ವಿಷಯದ ಮೇಲೆ ನಿಜವಾಗಿ ಪ್ರೀತಿ ಇದ್ದರೆ ಎಂ.ಎ. ಮಾಡಿ. ದೆಹಲಿಯ ಜೆಎನ್‌ಯುನಲ್ಲಿ ಇದಕ್ಕೆಂದೇ ಒಂದು ಸ್ಕೂಲ್ ಇದೆ. 1955ರಲ್ಲಿ ಬೇರೆ ಸಂಸ್ಥೆಯಾಗಿ ಶುರುವಾಗಿ 1970ರಲ್ಲಿ ಜೆಎನ್‌ಯುಗೆ ಸೇರಿಕೊಂಡಿತು. ಪುದುಚೇರಿ ವಿಶ್ವವಿದ್ಯಾಲಯದಲ್ಲೂ ಎಂ.ಎ. ಇದೆ. ಎರಡಕ್ಕೂ ಸಿಯುಇಟಿ-ಪಿಜಿ ಎಂಬ ಪ್ರವೇಶ ಪರೀಕ್ಷೆ ಬರೆಯಬೇಕು.

ಅಲ್ಲಿಯವರೆಗೆ ಸುಮ್ನೆ ಕೂರಬೇಡಿ. 2023ರ ಜುಲೈಯಲ್ಲಿ ಕೇಂದ್ರ ಸರ್ಕಾರ ಬಾಸ್ಮತಿಯಲ್ಲದ ಬಿಳಿ ಅಕ್ಕಿಯ ರಫ್ತು ನಿಲ್ಲಿಸಿತು. ನಿಮ್ಮೂರಿನ ಸೋನಾ ಮಸೂರಿಯೂ ಅದರಲ್ಲಿ ಸಿಕ್ಕಿಕೊಂಡಿತು. ಅಮೆರಿಕದಲ್ಲಿ ನಮ್ಮವರು ಅಕ್ಕಿ ಮೂಟೆಗೆ ಅಂಗಡಿ ಮುಂದೆ ಸಾಲು ನಿಂತರು. ನಿಷೇಧ ತೆಗೆದಿದ್ದು 2024ರ ಸೆಪ್ಟೆಂಬರಿನಲ್ಲಿ. ಆ ಹದಿನಾಲ್ಕು ತಿಂಗಳು ಸಿಂಧನೂರು, ಕಾರಟಗಿ ರೈಸ್‌ಮಿಲ್‌ಗಳಲ್ಲಿ ಏನೇನಾಯಿತು? ಮಾಲೀಕರನ್ನು, ಹಮಾಲರನ್ನು ಕೇಳಿ ಬರೆದಿಡಿ. ಅಂತರರಾಷ್ಟ್ರೀಯ ಅಧ್ಯಯನ ಅಂದರೆ ಇದೇ ಅಲ್ವಾ? ನಾಳೆ ಎಂ.ಎ.ಯಲ್ಲಿ ಪ್ರಬಂಧಕ್ಕೆ ವಿಷಯ ಹುಡುಕುವ ಕೆಲಸವೂ ತಪ್ಪುತ್ತದೆ.

ಪ್ರಶ್ನೆ: ಎಂ.ಎ. ಆಗಿದೆ, ರಫ್ತು ಕಂಪನಿಯೊಂದರಲ್ಲಿ ಕೆಲಸ. ಇಂಥದ್ದೇ ಸರ್ಟಿಫಿಕೇಟ್ ಆನ್‌ಲೈನ್‌ನಲ್ಲಿ ಮಾಡಿದರೆ ಫೀಸು ಕಂಪನಿಯೇ ಕಟ್ಟುತ್ತದಂತೆ. ಮಾಡಲೇ?
– ಓದುಗರು, ಬಳ್ಳಾರಿ

ಉತ್ತರ: ಧಾರಾಳವಾಗಿ ಮಾಡಿ. ನಿಮಗೆ ರೊಟ್ಟಿ ಆಗಲೇ ಇದೆ. ಎರಡು ವಿಷಯ ಮಾತ್ರ ಮೊದಲೇ ಕೇಳಿ: ಟ್ರಾನ್ಸ್‌ಕ್ರಿಪ್ಟ್, ಅಂದರೆ ಅಂಕಪಟ್ಟಿ, ವಿಶ್ವವಿದ್ಯಾಲಯದ ಹೆಸರಲ್ಲೇ ಕೊಡುತ್ತಾರಾ? ಮುಂದೆ ಅಲ್ಲೇ ಮಾಸ್ಟರ್ಸ್‌ಗೆ ಸೇರಿದರೆ ಈ ಕ್ರೆಡಿಟ್ ಲೆಕ್ಕಕ್ಕೆ ಬರುತ್ತಾ? ಉತ್ತರ ಫೋನಿನಲ್ಲಿ ಬೇಡ, ಇಮೇಲ್‌ನಲ್ಲಿ ತರಿಸಿಕೊಳ್ಳಿ.