ಬೆಂಗಳೂರಿನ ನಮ್ಮ ಬೀದಿಯಲ್ಲಿ ಕಾಣುವ ಹಕ್ಕಿ, ಮರ ಯಾವುದು ಅಂತ ಗುರುತಿಸುವುದು ಹೇಗೆ?

ನೀವು ಕೇಳಿರುವುದು ಮೂರು. ಬೆಳಗಾಗುತ್ತಲೇ "ಕುಟ್ರೂ ಕುಟ್ರೂ" ಅಂತ ಶುರುಮಾಡುವ, ಎಷ್ಟು ಹುಡುಕಿದರೂ ಕಾಣದ ಹಕ್ಕಿ. ಗಸಗಸೆ ಹಣ್ಣಿನ ಮರಕ್ಕೆ ಬರುವ ಕಂದು ಬಣ್ಣದ ಚುಕ್ಕೆ ಹಕ್ಕಿ. ಮತ್ತೆ ರಸ್ತೆ ತುಂಬ ಹಳದಿ ಹೂ ಉದುರಿಸುವ ಮರ, ಪಕ್ಕದ ಮನೆಯವರು ಅದನ್ನು ಕಕ್ಕೆ ಅನ್ನುತ್ತಾರೆ, ನಿಮಗೆ ಅನುಮಾನ.

ಮೊದಲನೆಯದು ಕುಟ್ರುಹಕ್ಕಿ, ಸಂಶಯವೇ ಬೇಡ. ಮೈಯೆಲ್ಲ ಎಲೆಹಸಿರು, ತಲೆ ಕಂದು, ಕಣ್ಣಿನ ಮೇಲೊಂದು ಕೆಳಗೊಂದು ಬಿಳಿ ಪಟ್ಟಿ. ಎಲೆಗಳ ನಡುವೆ ಅಲ್ಲಾಡದೆ ಕೂತು ಕೂಗುತ್ತದೆ, ಒಂದು ಕೂಗಿದರೆ ಇನ್ನೊಂದು ಬೇರೆ ಮರದಿಂದ ದನಿಗೂಡಿಸುತ್ತದೆ, ಹಾಗಾಗಿ ದನಿ ಎಲ್ಲಿಂದ ಬಂತು ಅಂತಲೇ ಗೊತ್ತಾಗುವುದಿಲ್ಲ. ಕೂಗುವಾಗ ಹುಡುಕಬೇಡಿ, ಅತ್ತಿಯಲ್ಲೋ ಗಸಗಸೆ ಮರದಲ್ಲೋ ಹಣ್ಣು ತಿನ್ನಲು ಬಂದಾಗ ನೋಡಿ. "ಟಂಕ್ ಟಂಕ್" ಅಂತ ಒಂದೇ ಸಮನೆ ಕುಟ್ಟಿದ ಹಾಗೆ ಕೇಳಿಸಿದರೆ ಅದು ಇದರ ಚಿಕ್ಕ ನೆಂಟ, ಹಣೆ ಕೆಂಪಗಿರುತ್ತದೆ. ಅಂದಹಾಗೆ, ನಿಲ್ಲಿಸದೆ "ಚಿಕ್ ಚಿಕ್ ಚಿಕ್" ಅನ್ನುವುದನ್ನೂ ಜನ ಹಕ್ಕಿ ಅಂದುಕೊಳ್ಳುತ್ತಾರೆ, ಅದು ಎಷ್ಟೋ ಸಲ ಅಳಿಲು!

ಚುಕ್ಕೆ ಹಕ್ಕಿ ಹೆಣ್ಣು ಕೋಗಿಲೆ ಇರಬೇಕು. ಕಣ್ಣು ಕೆಂಪಗಿದ್ದು ಉದ್ದ ಬಾಲದಲ್ಲಿ ಅಡ್ಡ ಪಟ್ಟೆಗಳಿದ್ದರೆ ಅದೇ. "ಕುಹೂ" ಅಂತ ಹಾಡುವ ಕಪ್ಪು ಹಕ್ಕಿ ಗಂಡು. ಗಂಡು ಹೆಣ್ಣಿಗೆ ಬಣ್ಣವೇ ಬೇರೆ ಇರುವ ಹಕ್ಕಿಗಳು ನಮ್ಮ ಸುತ್ತಲೇ ಬೇಕಾದಷ್ಟಿವೆ, ಸೂರಕ್ಕಿಯೂ ಹಾಗೇ. ಅದಕ್ಕೇ ಬಣ್ಣಕ್ಕಿಂತ ಮೊದಲು ಕೊಕ್ಕು, ಬಾಲ, ಏನು ತಿನ್ನುತ್ತಿದೆ, ಎಲ್ಲಿ ಕೂತಿದೆ ಅಂತ ನೋಡಿ.

ಮರದ ವಿಷಯದಲ್ಲೂ ಅಷ್ಟೇ, ಹಳದಿ ಹೂ ನೋಡಿ ಏನೂ ಹೇಳಲಾಗದು. ಬೆಂಗಳೂರಲ್ಲಿ ಮೂರು ಮರಗಳು ಜನರನ್ನು ಗೊಂದಲಕ್ಕೆ ಬೀಳಿಸುತ್ತವೆ. ಹೂಗೊಂಚಲು ಮಾಲೆಯಂತೆ ಕೆಳಗೆ ಜೋತುಬಿದ್ದಿದ್ದು, ಕಾಯಿ ಕೋಲಿನ ಹಾಗೆ ಉದ್ದ, ಗುಂಡಗೆ, ಬಲಿತ ಮೇಲೆ ಕಪ್ಪಗೆ ಆಗಿದ್ದರೆ ಕಕ್ಕೆ. ಗೊಂಚಲು ಮೇಲ್ಮುಖವಾಗಿದ್ದು, ಮೊಗ್ಗು ತುಕ್ಕಿನ ಬಣ್ಣ, ಎಲೆ ಗುಲ್‌ಮೊಹರ್ ತರಹ ಸಣ್ಣ ಸಣ್ಣದು, ಕಾಯಿ ಚಪ್ಪಟೆಯಾಗಿ ತಾಮ್ರದ ಬಣ್ಣಕ್ಕಿದ್ದರೆ ಕಾಪರ್‌ಪಾಡ್, ರಸ್ತೆಬದಿಯಲ್ಲಿ ಇದೇ ಜಾಸ್ತಿ. ಬೇಸಿಗೆ ಶುರುವಿನಲ್ಲಿ ಎಲೆ ಹೆಚ್ಚುಕಡಿಮೆ ಉದುರಿ ತುತ್ತೂರಿ ಆಕಾರದ ಹೂ ಬಿಟ್ಟಿದ್ದರೆ ಹಳದಿ ಟಬೂಬಿಯಾ. ನಿಮ್ಮ ರಸ್ತೆಯ ಮರದ ಹೂವಿನ ಕೆಳಗೆ ಹಸಿರೆಲೆ ತುಂಬಿದೆ ಅಂದಿದ್ದೀರಿ, ಹಾಗಾದರೆ ನನ್ನ ಓಟು ಕಾಪರ್‌ಪಾಡ್‌ಗೆ.

ಆ್ಯಪ್ ಬೇಕಿದ್ದರೆ ಹಕ್ಕಿ ದನಿಗೆ ಮರ್ಲಿನ್ ಹಾಕಿಕೊಳ್ಳಿ, ಕಾರ್ನೆಲ್ ವಿಶ್ವವಿದ್ಯಾಲಯದವರದ್ದು, ಉಚಿತ. ಗಿಡಮರಕ್ಕೆ ಐನ್ಯಾಚುರಲಿಸ್ಟ್, ಅಲ್ಲಿ ಆ್ಯಪ್ ಹೇಳಿದ್ದನ್ನು ಬೇರೆ ಜನರೂ ನೋಡಿ ತಿದ್ದುತ್ತಾರೆ. ಸುಮ್ನೆ ಹೂವೊಂದರದ್ದೇ ಫೋಟೋ ಹತ್ತಿರದಿಂದ ತೆಗೆದು ಹಾಕಬೇಡಿ, ಎಲೆ, ತೊಗಟೆ, ಕಾಯಿ, ಇಡೀ ಮರ ಎಲ್ಲ ಇರಲಿ. ಹಕ್ಕಿ ಹೊರಗೆ ಬರಲಿ ಅಂತ ಅದರ ಕೂಗನ್ನು ಫೋನಲ್ಲಿ ಹಾಕಿ ಕೇಳಿಸುವುದು ಮಾತ್ರ ಬೇಡ. ಅದು ಬೇರೆ ಹಕ್ಕಿ ತನ್ನ ಜಾಗಕ್ಕೆ ನುಗ್ಗಿತು ಅಂದುಕೊಂಡು ಗಾಬರಿಬೀಳುತ್ತದೆ.

ಮರದ ಕೆಳಗೆ ಕಾಯಿ ಬಿದ್ದಿದ್ದರೆ ಅದರ ಫೋಟೋ ಇಲ್ಲೇ ಹಾಕಿ, ಪಕ್ಕದ ಮನೆಯವರ ಜೊತೆಗಿನ ವಾದ ಅಲ್ಲಿಗೇ ಮುಗಿಯುತ್ತದೆ.