ಹುಡುಗರು ತೋಟಕ್ಕೆ ಬರುತ್ತಾರೆ, ಆಳಾಗಿ ಬರಲ್ಲ

ಅಪ್ಪನ ಅಡಿಕೆ ತೋಟ ನೋಡಿಕೊಳ್ಳಲು ಊರಿಗೆ ಬಂದಿದ್ದೇನೆ, ಸಂಬಳ ಜಾಸ್ತಿ ಕೊಡುತ್ತೇನೆ ಅಂದರೂ ಊರಿನ ಹುಡುಗರು ಕೆಲಸಕ್ಕೆ ಬರುತ್ತಿಲ್ಲ, ಏನು ಮಾಡಲಿ ಅಂತ ಕೇಳಿದ್ದೀರಿ.

ನಾನು ಪುತ್ತೂರು ಕಡೆಯವನು, ಮೂರು ಎಕರೆ ಅಡಿಕೆ ತೋಟ ಇದೆ. ಸಂಬಳ ಏರಿಸಿ ನೋಡಿದವರಲ್ಲಿ ನಾನೂ ಒಬ್ಬ. ನಮ್ಮ ಪಕ್ಕದ ಮನೆ ಹುಡುಗ ನನ್ನ ತೋಟ ಬಿಟ್ಟು ಮಂಗಳೂರಿನ ಮೊಬೈಲ್ ಅಂಗಡಿಗೆ ಹೋದ, ಅದೂ ಕಡಿಮೆ ದುಡ್ಡಿಗೆ. ಯಾಕೆ ಮಾರಾಯ ಅಂತ ಕೇಳಿದೆ. "ಅಲ್ಲಿ ಮಳೆ ಬಂದರೂ ಸಂಬಳ ಬರ್ತದೆ ಅಣ್ಣ. ಹುಡುಗಿ ನೋಡಲು ಹೋದರೆ ಹೇಳಿಕೊಳ್ಳಲಿಕ್ಕೆ ಒಂದು ಕೆಲಸ ಆಯ್ತು" ಅಂದ. ನಿಮ್ಮ ಪ್ರಶ್ನೆಗೆ ಉತ್ತರ ಅದರಲ್ಲೇ ಇದೆ.

ಮೊದಲು ಮಳೆಯ ವಿಷಯ. ನಮ್ಮಲ್ಲಿ ಕೊಳೆರೋಗ ಬಾರದಂತೆ ಅಡಿಕೆ ಗೊನೆಗೆ ಮದ್ದು ಬಿಡುವುದು, ಅಂದರೆ ಸಿಂಪಡಿಸುವುದು, ಮಳೆ ಹಿಡಿಯುವ ಮೊದಲು ಒಂದು ಸಲ, ಸುಮಾರು ನಲವತ್ತೈದು ದಿನ ಬಿಟ್ಟು ಇನ್ನೊಂದು ಸಲ. ಕೊಯ್ಲು ಚಳಿಗಾಲದಿಂದ ಬೇಸಿಗೆವರೆಗೆ. ಆಗ ಎಲ್ಲರಿಗೂ ಒಂದೇ ದಿನ ಜನ ಬೇಕು, ಉಳಿದ ದಿನ ಯಾರಿಗೂ ಬೇಡ. ಹಾಗಿದ್ದ ಮೇಲೆ ಯಾವ ಹುಡುಗ ನಂಬಿಕೊಂಡು ಕೂರುತ್ತಾನೆ ಹೇಳಿ? ಹಾಗಾಗಿ ನಾವು ಎಂಟು ಮನೆಯವರು ಸೇರಿ ಇಬ್ಬರು ಹುಡುಗರಿಗೆ ವರ್ಷದ ಕೆಲಸ ಹೊಂದಿಸಿದೆವು. ಮದ್ದು, ಕೊಯ್ಲು, ಕರಿಮೆಣಸು ಕೊಯ್ಯುವುದು, ಮೆಷಿನ್‌ನಲ್ಲಿ ಹುಲ್ಲು ಹೊಡೆಯುವುದು, ಜೋರು ಮಳೆಯಲ್ಲಿ ಒಳಗೆ ಕೂತು ಅಡಿಕೆ ಸುಲಿಯುವ ಮೆಷಿನ್ ನಡೆಸುವುದು. ಕೂಲಿ, ಮದ್ದು ಕೊಯ್ಲಿಗೆ ಮರಕ್ಕೆ ಇಷ್ಟು ಅಂತ ಲೆಕ್ಕ, ಬಾಕಿ ಕೆಲಸಕ್ಕೆ ದಿನದ ಲೆಕ್ಕ. ಇದೇನು ಸಂಘ ಗಿಂಘ ಅಲ್ಲ, ಒಂದು ವಾಟ್ಸಾಪ್ ಗುಂಪು ಅಷ್ಟೇ. ಮೊದಲ ವರ್ಷ ನಮ್ಮಲ್ಲೇ ಜಗಳ ಆಯಿತು, ನನ್ನ ಮರಕ್ಕೆ ಮೊದಲು ಬಿಡಿ, ನನ್ನ ಮರಕ್ಕೆ ಮೊದಲು ಬಿಡಿ ಅಂತ.

ಎರಡನೆಯದು ಮರ್ಯಾದೆ. ಇದನ್ನು ಹೇಳಿದರೆ ನಮ್ಮವರಿಗೇ ಸಿಟ್ಟು ಬರುತ್ತದೆ, ಆದರೂ ಹೇಳುತ್ತೇನೆ. ಮನೆ ಹಿಂದೆ ಬೇರೆ ಲೋಟದಲ್ಲಿ ಚಹಾ ಕೊಟ್ಟು, ಅಪ್ಪನ ಕಾಲದ ಹಾಗೆ ಏಕವಚನದಲ್ಲಿ ಕೂಗಿ ಕರೆದರೆ ಡಿಗ್ರಿ ಓದಿದ ಹುಡುಗ ಬರಲ್ಲ, ಬರಬಾರದು ಕೂಡ. ಅವರು ಮಾಡುವುದು ಕಸುಬುದಾರನ ಕೆಲಸ ಅಲ್ವಾ? ನಾವು ಬಿಡುವ ಮದ್ದು, ಬೋರ್ಡೋ ದ್ರಾವಣವನ್ನೇ ನೋಡಿ. ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತು (ಕಾಪರ್ ಸಲ್ಫೇಟ್), ಒಂದು ಕಿಲೋ ಸುಣ್ಣ. ಬೆರೆಸಿದ ಮೇಲೆ ಕಬ್ಬಿಣದ ಚಾಕು ಅದ್ದಿ ನೋಡಬೇಕು, ಅದಕ್ಕೆ ಕೆಂಪು ಹಿಡಿದರೆ ಸುಣ್ಣ ಸಾಲದು ಅಂತ ಅರ್ಥ. ಆ ಮೇಲೆ ಅದನ್ನು ಗಾಳಿಗೆ ತೂಗುವ ಮರದ ತುದಿಯಲ್ಲಿರುವ ಗೊನೆಗೆ ಸರಿಯಾಗಿ ಮುಟ್ಟಿಸಬೇಕು. ನನ್ನ ಕೈಲಂತೂ ಆಗಲ್ಲ.

ಮೂರನೆಯದು ಭಯ. ಮಗನನ್ನು ಮರ ಹತ್ತಲು ಯಾವ ತಾಯಿ ಕಳಿಸುತ್ತಾಳೆ? ಇಲ್ಲಿ ಫೈಬರ್ ದೋಟಿ, ಅಂದರೆ ಮರದ ತುದಿ ಮುಟ್ಟುವ ಉದ್ದ ಕೋಲು, ದೊಡ್ಡ ಬದಲಾವಣೆ ತಂದಿತು, ನೆಲದಲ್ಲೇ ನಿಂತು ಕೊಯ್ಯಬಹುದು, ಮದ್ದೂ ಬಿಡಬಹುದು. ಕತ್ತು ನೋವು ಬರುತ್ತದೆ, ಅದು ಬೇರೆ ಮಾತು. ಬೆಲೆ ಜಾಸ್ತಿ, ತೋಟಗಾರಿಕೆ ಇಲಾಖೆಯಲ್ಲಿ ಸಬ್ಸಿಡಿ ಕೇಳಿ ನೋಡಿ. ಬಂಟ್ವಾಳದ ಸಜಿಪಮೂಡದ ಗಣಪತಿ ಭಟ್ಟರು ಮಾಡಿದ ಮರ ಏರುವ ಬೈಕ್ 2019ರಲ್ಲಿ ಎಲ್ಲರ ಮೊಬೈಲಲ್ಲೂ ಓಡಾಡಿತ್ತು, ನೋಡಿರಬಹುದು. ತೆಂಗು ಅಭಿವೃದ್ಧಿ ಮಂಡಳಿಯವರು 2011ರಿಂದ ಯಂತ್ರದಲ್ಲಿ ತೆಂಗಿನ ಮರ ಹತ್ತುವ ತರಬೇತಿ ಕೊಡುತ್ತಿದ್ದಾರೆ. ಹುಡುಗರನ್ನು ಇಂಥ ಕಡೆ ನೀವೇ ಖರ್ಚು ಹಾಕಿ ಕಳಿಸಿ. ವಿಮೆ ಮರೆಯಬೇಡಿ. ಪ್ರಧಾನ ಮಂತ್ರಿ ಸುರಕ್ಷಾ ಬಿಮಾ ವರ್ಷಕ್ಕೆ ಬರೀ 20 ರೂಪಾಯಿ, ಅಪಘಾತದಲ್ಲಿ ಜೀವ ಹೋದರೆ ಎರಡು ಲಕ್ಷ. ಅದು ಸಾಲದು, ಹಾಗಾಗಿ ನಾವು ಎಂಟು ಮನೆಯವರು ಸೇರಿ ಮೇಲಿಂದ ಇನ್ನೊಂದು ಪಾಲಿಸಿ ಮಾಡಿಸಿದ್ದೇವೆ.

ಎಲ್ಲ ಕೆಲಸಕ್ಕೂ ಊರಿನ ಹುಡುಗರೇ ಬೇಕು ಅಂತ ಹಟ ಹಿಡಿಯಬೇಡಿ. ಗೊಬ್ಬರ ಹೊರಲು, ಗುಂಡಿ ತೆಗೆಯಲು ನಮಗೂ ಹೊರಗಿನವರೇ ಬರುವುದು.

ಇಬ್ಬರಲ್ಲಿ ಒಬ್ಬ ಈಗ ಸ್ವಂತ ದೋಟಿ ತೆಗೆದುಕೊಂಡಿದ್ದಾನೆ. ನಮ್ಮ ಎಂಟು ಮನೆ ಬಿಟ್ಟು ಬೇರೆ ಕಡೆಗೂ ಹೋಗುತ್ತಾನೆ. ಈ ವರ್ಷ ಮದ್ದಿಗೆ ತಾರೀಕು ಕೇಳಲು ನಾನೇ ಮೂರು ಸಲ ಫೋನ್ ಮಾಡಬೇಕಾಯಿತು. "ನೋಡಿ ಹೇಳ್ತೇನೆ ಅಣ್ಣ, ಡೈರಿ ಫುಲ್ ಉಂಟು" ಅಂದ.